ಒಂಬತ್ತನೇತ್ತಾ ಹುಡುಗಿ ಕೇಳಿದ್ದಕ್ಕ ನನ್ನ ಹತ್ರ ಉತ್ತರ ಇರ್ಲಿಲ್ರಿ (ಮಲಾಲಾ ವಿಷಯ)

ಇಂಡಿ_ಟೀಚರ್ ಕೇಳಿದ್ದು:

ನಮಸ್ಕಾರ್ರಿ ಎಲ್ಲಾರಿಗೂ. ನಾ ವಿಜಯಪುರ ಜಿಲ್ಲಾ ಇಂಡಿ ಕಡಿ ಒಂದು ಹಳ್ಳಿ ಹೈಸ್ಕೂಲಿನಾಗ ಗೆಸ್ಟ್ ಟೀಚರ್ ಅದೀನಿ, ಸಮಾಜ ವಿಜ್ಞಾನ ಹೇಳ್ತೀನಿ. ಊರ ಹೆಸರ ಹಾಕಂಗಿಲ್ಲ, ಹಾಕಿದ್ರ ನಾಳಿ ಮುಂಜಾನಿ ಚಹಾದಂಗಡ್ಯಾಗ ಇದೇ ಮಾತ ಆಗ್ತದ. ಪೋಸ್ಟ್ ಉದ್ದ ಆಗ್ಯಾದ, ಬೇಜಾರಾಗಬ್ಯಾಡ್ರಿ.

ಜುಲೈ 12 ಮಲಾಲಾ ಯೂಸುಫ್‌ಜಾಯ್ ಹುಟ್ಟಿದ ದಿನ. ಪ್ರೇಯರ್ ಮುಗದ ಮ್ಯಾಲ ಹತ್ತ ನಿಮಿಷ ಆಕಿ ಬಗ್ಗೆ ಹೇಳ್ರಿ ಅಂತ ಎಚ್ಎಂ ಸರ್ ಅಂದ್ರು. ನಾ ರಾತ್ರಿ ಕುಂತು ಮೊಬೈಲ್ ನೋಡಿ ಬರಕೊಂಡು ಹೋಗಿ ಜೋರಾಗೇ ಹೇಳ್ದೆ. ಪಾಕಿಸ್ತಾನದ ಸ್ವಾತ್ ಕಣಿವಿ, ಮಿಂಗೋರಾ ಊರು, ಹುಡುಗ್ಯಾರು ಸಾಲಿಗಿ ಹೋಗಬಾರ್ದು ಅಂದ ತಾಲಿಬಾನ್, 2012 ಅಕ್ಟೋಬರ್ 9ಕ್ಕ ಸಾಲಿ ಬಿಟ್ಟು ಬಸ್ಸಿನಾಗ ಮನಿಗಿ ಹೊಂಟಾಗ ತಲಿಗಿ ಗುಂಡ ಹೊಡದದ್ದು, ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಆಸ್ಪತ್ರಿ, ಮುಂದಿನ ವರ್ಷ ತನ್ನ 16ನೇ ಹುಟ್ಟಿದ ದಿನಕ್ಕೇ ವಿಶ್ವಸಂಸ್ಥೆದಾಗ ಭಾಷಣ, 2014ಕ್ಕ ನೊಬೆಲ್, ಆಗ ಆಕಿಗಿ ಬರೇ 17. ಒಂದು ಪೆನ್ನು ಒಂದು ಪುಸ್ತಕ ಅಂತ ಆಕಿ ಹೇಳಿದ್ದನ್ನ ಬೋರ್ಡ್ ಮ್ಯಾಲ ಬಣ್ಣದ ಚಾಕ್‌ಪೀಸಿಲೆ ಬರದಿದ್ದೆ. ಎಲ್ಲಾರೂ ಚಪ್ಪಾಳಿ ಹೊಡದ್ರು, ನನಗೂ ಖುಷಿ ಆತು.

ಆಮ್ಯಾಲ ಕ್ಲಾಸಿನಾಗ ಒಂಬತ್ತನೇತ್ತಾ ಹುಡುಗಿ ಒಬ್ಬಾಕಿ, ಎಂದೂ ಬಾಯಿ ಬಿಡಂಗಿಲ್ಲ ಆಕಿ, ಎದ್ದ ನಿಂತು ಏನ್ ಅಂದ್ಲು ಗೊತ್ತದನ್ರಿ? "ಬಾಯಾರ, ಆಕಿಗಿ ಗುಂಡ ಹೊಡದ್ರು, ಹಂಗಂತ ಎಲ್ಲಾರಿಗೂ ಗೊತ್ತಾತು. ನಮ್ಮಕ್ಕನ್ನ ಸುಮ್ಮ ಬಿಡಿಸ್ಯಾರ್ರಿ. ಯಾರೂ ಕೇಳ್ಲೇ ಇಲ್ಲ."

ನನಗ ಏನ್ ಹೇಳಬೇಕಂತ ತಿಳೀಲಿಲ್ಲ. ಪಾಠ ತಗೀರಿ ಅಂದ್‌ಬಿಟ್ಟೆ, ಇವತ್ತಿಗೂ ನಾಚಿಕಿ ಬರ್ತದ. ಆಕಿ ಅಕ್ಕ ಎಂಟನೇತ್ತಾ ಪಾಸ್ ಆಗಿ ಮನ್ಯಾಗ ಕುಂತು ಎರಡ ವರ್ಷ ಆತು. ಅವ್ವ ಅಪ್ಪ ಕಬ್ಬು ಕಡ್ಯಾಕ ಗುಳೆ ಹೋದ್ರ ಸಣ್ಣ ಹುಡುಗ್ರನ್ನ ನೋಡೂದು, ಅಡಗಿ, ಆಡ ಮೇಯಿಸೂದು ಎಲ್ಲಾ ಆಕೀನ. ಈಗ ಸೋದರಮಾವನ ಮಗಗ ಕೊಡೂ ಮಾತ ನಡದದಂತ. ಈ ವರ್ಷ ದಸರಾ ಸೂಟಿ ಮುಗದ ಮ್ಯಾಲ ತಂಗೀನೂ ಬರ್ತಾಳ ಅಂತ ನನಗ ಗ್ಯಾರಂಟಿ ಇಲ್ಲ, ಈಗೇ ವಾರಕ್ಕ ಎರಡ ದಿನ ಗೈರು.

ನನ್ನ ಪ್ರಶ್ನಿ ಏನಂದ್ರ, ಇಂಥಾ ಹುಡುಗ್ಯಾರಿಗಿ ಮಲಾಲಾ ಕತಿ ಹೆಂಗ ಹೇಳಬೇಕ್ರಿ? ಹೇಳಬೇಕೋ ಬ್ಯಾಡೋ? ಮತ್ತ ಆಕಿ ಅಪ್ಪನ ಮುಂದ ಹೋಗಿ ಏನಂತ ಮಾತಾಡ್ಲಿ, ನಾ ಗೆಸ್ಟ್ ಟೀಚರ್, ನನ್ನ ಮಾತಿಗಿ ಅಷ್ಟೇನ್ ತೂಕ ಇಲ್ಲ.

ಜಮಖಂಡಿ_ಹುಡುಗ ಬರದದ್ದು:

ಅಕ್ಕಾರ, ಸಿಟ್ಟಾಗಬ್ಯಾಡ್ರಿ, ನೀವು ಕತಿ ಗುಂಡಿನಿಂದ ಸುರು ಮಾಡೀರಿ, ಅದಕ್ಕ ಹಿಂಗ ಆತು. ಎಲ್ಲಾರೂ ಹಂಗ ಮಾಡ್ತಾರ, ಪೇಪರಿನಾಗೂ ಅಷ್ಟೇ ಬರ್ತೈತಿ. ಗುಂಡ ಬಿದ್ದದ್ದು 2012ರಾಗ, ಆಕಿ ಬರ್ಯಾಕ ಸುರು ಮಾಡಿದ್ದು 2009 ಜನವರಿ 3ಕ್ಕ. ಆಗ ಆಕಿಗಿ 11 ವರ್ಷ, ಏಳನೇತ್ತಾ. ಬಿಬಿಸಿ ಉರ್ದುದವ್ರಿಗೆ ಗುಲ್ ಮಕಾಯ್ ಅನ್ನೂ ಸುಳ್ಳ ಹೆಸರಿನ್ಯಾಗ ಡೈರಿ ಬರೀತಿದ್ಲು. ಜನವರಿ 15 ಆದ ಮ್ಯಾಲ ಒಬ್ಬ ಹುಡುಗೀನೂ ಸಾಲಿಗೆ ಹೋಗಂಗಿಲ್ಲ ಅಂತ ತಾಲಿಬಾನ್ ಹುಕುಂ ಹೊರಡಿಸಿತ್ತು.

ಆ ಡೈರಿ ನಾ ಓದೀನಿ, ಇಂಟರ್ನೆಟ್‌ನಾಗ ಸಿಗತೈತಿ. ಅದರಾಗ ಹೀರೋಗಿರಿ ಏನೂ ಇಲ್ರಿ. ಮೊದಲನೇ ದಿನಾನ ಬರೀತಾಳ, ರಾತ್ರಿ ಹೆಲಿಕಾಪ್ಟರಿನ ಕೆಟ್ಟ ಕನಸ ಬಿತ್ತು, ಸಾಲಿಗೆ ಹೋಗಾಕ ಅಂಜಿಕಿ ಬರಾಕತ್ತೈತಿ, ಕ್ಲಾಸಿನಾಗ 27 ಮಂದ್ಯಾಗ 11 ಮಂದಿ ಅಷ್ಟೇ ಬಂದಿದ್ರು ಅಂತ. ಇನ್ನೊಂದ ದಿನ, ಬಣ್ಣದ ಅರಬಿ ಹಾಕೊಂಡು ಬರಬ್ಯಾಡ್ರಿ ಅಂತ ಸಾಲ್ಯಾಗ ಹೇಳ್ಯಾರ, ತನಗ ಗುಲಾಬಿ ಅರಬಿ ಭಾಳ ಸೇರತಿತ್ತು ಅಂತ. ನನಗ ಮೈ ಜುಮ್ ಅಂದದ್ದು ಜನವರಿ 14ರ ಪುಟ. ಚಳಿಗಾಲದ ಸೂಟಿ ಕೊಟ್ರು, ಪ್ರತಿ ವರ್ಷ ಸಾಲಿ ಮತ್ತ ಯಾವತ್ತ ತೆರೀತೈತಿ ಅಂತ ಹೇಳತಿದ್ರು, ಈ ಸಲ ಹೇಳಲಿಲ್ಲ ಅಂತ ಬರದಾಳ.

ಅಕ್ಕಾರ, ನಿಮ್ಮ ಹುಡುಗಿಗೆ ಆ ಪುಟ ಓದಿ ಹೇಳ್ರಿ. ಆಕಿ ಅಕ್ಕಗೂ ಸೂಟಿ ಕೊಟ್ಟಾರ, ಸಾಲಿ ಯಾವತ್ತ ತೆರೀತೈತಿ ಅಂತ ಹೇಳಿಲ್ಲ ಅಷ್ಟೇ. ಒಂದಕ್ಕೊಂದ ಹೋಲಿಸಿ ಎರಡೂ ಒಂದ ಅನ್ನಾಕತ್ತಿಲ್ಲ ನಾ, ಅಲ್ಲಿ ಸಾಲಿಗಳಿಗೆ ಬಾಂಬ್ ಇಡತಿದ್ರು. ಆದ್ರ ಹುಡುಗಿಗೆ ತನ್ನ ಕ್ಲಾಸ್ ಕಾಣಸ್ತೈತಿ ಅದರಾಗ.

ಇನ್ನೊಂದು ಸಣ್ಣ ವಿಷಯ, ಬಸ್ಸಿನಾಗ ಆಕಿ ಒಬ್ಬಾಕಿಗೆ ಅಲ್ಲ, ಜೋಡಿ ಕುಂತಿದ್ದ ಇನ್ನಿಬ್ಬರು ಗೆಳತ್ಯಾರಿಗೂ ಗುಂಡ ತಗಲಿತ್ತು. ನೊಬೆಲ್ಲೂ ಒಬ್ಬಾಕೀದಲ್ಲ, ನಮ್ಮ ದೇಶದ ಕೈಲಾಶ್ ಸತ್ಯಾರ್ಥಿ ಜೋಡಿ ಹಂಚಿಕೊಂಡಿದ್ದು. ಅವ್ರು ಕೆಲಸಕ್ಕ ಹೋಗೂ ಹುಡುಗ್ರನ್ನ ಬಿಡಿಸಿ ಸಾಲಿಗೆ ಹಚ್ಚೂ ಮಂದಿ, ಕಬ್ಬಿನ ಫಡದ ಹುಡುಗ್ರಿಗೆ ಅವ್ರ ಕತಿ ಇನ್ನೂ ಹತ್ರ ಆಗಬಹುದು.

ಕುಂದಾ_ಪ್ರಿಯ ಬರದದ್ದು:

ಮೇಡಂ ಒಂದ ಮಾತ ಕೇಳ್ತೀನಿ, ತಪ್ಪ ತಿಳೀಬ್ಯಾಡ್ರಿ. ಪಾಕಿಸ್ತಾನದ ಹುಡುಗಿ ಕತಿ ಯಾಕ ಬೇಕು ನಮಗ? ಆಕಿ ಆಕ್ಸ್‌ಫರ್ಡ್‌ನಾಗ ಓದಿ ಇಂಗ್ಲೆಂಡಿನಾಗ ಆರಾಮ ಅದಾಳ. ನಾ ಬೆಳಗಾವಿಯಾಂವ, ಇಲ್ಲಿ ರಾತ್ರಿ ಬಸ್ ಹತ್ತಿದ್ರ ಹೊತ್ತ ಹೊಂಡೂದ್ರಾಗ ಪುಣೆ. ಆ ಪುಣೆದಾಗ 1848ಕ್ಕೇ ಸಾವಿತ್ರಿಬಾಯಿ ಫುಲೆ ಹುಡುಗ್ಯಾರ ಸಾಲಿ ತಗದ್ರು, ಆಕಿ ಮ್ಯಾಲ ಸಗಣಿ ಕಲ್ಲು ಒಗದ್ರು, ಹಾದ್ಯಾಗ ಹೊಲಸಾದ ಸೀರಿ ಸಾಲ್ಯಾಗ ಬದಲ ಮಾಡಾಕ ಒಂದ ಸೀರಿ ಚೀಲದಾಗ ಇಟ್ಟಕೊಂಡು ಹೋಗ್ತಿದ್ರು. ಜೋಡಿ ಕಲಸಾಕ ಫಾತಿಮಾ ಶೇಖ್ ಇದ್ರು. ಇದನ್ನ ಬಿಟ್ಟು ದೂರದ್ದು ಯಾಕ? ನಮ್ಮ ವಿಜಯಪುರದಾಗ ಮಹಿಳಾ ಯೂನಿವರ್ಸಿಟಿನ ಐತಿ, ಅದನ್ನ ತೋರಸ್ರಿ ಹುಡುಗ್ಯಾರಿಗೆ.

ಜಮಖಂಡಿ_ಹುಡುಗ:

ಸರ್, ಸಾವಿತ್ರಿಬಾಯಿ ಹುಟ್ಟಿದ್ದು 1831 ಜನವರಿ 3. ಮಲಾಲಾ ಡೈರಿ ಸುರು ಆಗಿದ್ದು ಜನವರಿ 3. ಇಬ್ಬರನ್ನೂ ಒಂದ ದಿನ ಹೇಳಿದ್ರ ಆತು, ಜಗಳಾನ ಇಲ್ಲ. ಮತ್ತ ಅಫ್ಘಾನಿಸ್ತಾನದಾಗ 2021ರಿಂದ ಈಗಿನ ತನಕ ಆರನೇತ್ತಾ ಮ್ಯಾಲ ಹುಡುಗ್ಯಾರಿಗೆ ಸಾಲಿ ಬಂದ್ ಐತಿ, ಹಂಗಾಗಿ ಇದು ಹಳೀ ಕತಿ ಅಲ್ಲ.

ಇಂಡಿ_ಟೀಚರ್:

ಯೂನಿವರ್ಸಿಟಿ ತೋರಸ್ರಿ ಅಂದ್ರಲ್ಲ ಸರ್, ನಾನೂ ಅಲ್ಲೇ ಓದಿದಾಕಿ, ತೊರವಿ ಕ್ಯಾಂಪಸ್. 2003ಕ್ಕ ಸುರು ಆಗ್ಯಾದ ಅದು, ಈಗ ಅಕ್ಕಮಹಾದೇವಿ ಹೆಸರ ಇಟ್ಟಾರ. ನಮ್ಮ ಹಳ್ಳಿಯಿಂದ ಅಲ್ಲೀತನ ಹೋಗಾಕ ಮೊದಲ ಒಂಬತ್ತನೇತ್ತಾ ದಾಟಬೇಕಲ್ರಿ. ಮನಿ ಮುಂದ ಬಾವಿ ಇದ್ರೂ ಕೊಡಕ್ಕ ಹಗ್ಗ ಇಲ್ಲ ಅಂದಂಗ ಆಗ್ಯಾದ.

ಮುದ್ದೇಬಿಹಾಳ_ಸಿಸ್ಟರ್ ಬರದದ್ದು:

ನಾ ಈಗ ಬಾಗಲಕೋಟಿದಾಗ ಸ್ಟಾಫ್ ನರ್ಸ್ ಅದೀನಿ, ನೈಟ್ ಡ್ಯೂಟ್ಯಾಗ ಕುಂತು ಬರಿಯಾಕತ್ತೀನಿ, ತಪ್ಪ ಇದ್ರ ಹೊಟ್ಟಿಗಿ ಹಾಕೋರಿ. ಆ ಹುಡುಗಿ ಮಾತ ಓದಿ ಕಣ್ಣಾಗ ನೀರ ಬಂತು ಯಾಕಂದ್ರ ನನ್ನೂ ಸುಮ್ಮ ಬಿಡಿಸಿದ್ರು. ಐದನೇತ್ತಾ ಮುಗೀತು, ನಮ್ಮೂರಾಗ ಅಷ್ಟೇ ಇತ್ತು ಸಾಲಿ, ಮುಂದಿನ ಊರು ಮೂರ ಕಿಲೋಮೀಟರ್, ನಡಕ ಒಂದ ಹಳ್ಳ. ಯಾರೂ ಬೈಲಿಲ್ಲ ಹೊಡೀಲಿಲ್ಲ, ಜೂನ್ ಬಂತು, ನನ್ನ ತಮ್ಮಗ ಚೀಲ ತಂದ್ರು, ನನಗ ತರಲಿಲ್ಲ, ಅಷ್ಟೇ. ಎರಡ ವರ್ಷ ಮನ್ಯಾಗ ಇದ್ದೆ. ತಮ್ಮನ ಪುಸ್ತಕದ ರಟ್ಟಿಗಿ ಪೇಪರ್ ಹಾಕಿ ಕೊಡತಿದ್ದೆ, ಅದೇ ನನ್ನ ಓದು.

ಆಮ್ಯಾಲ ಕಸ್ತೂರಬಾ ಗಾಂಧಿ ಸಾಲಿ ಬಂದುವು, 2004ರ ಸ್ಕೀಮ್ ಅದು, ಸಾಲಿ ಬಿಟ್ಟ ಹುಡುಗ್ಯಾರಿಗಿ ಆಗ ಆರನೇತ್ತಾದಿಂದ ಎಂಟನೇತ್ತಾ ತನಕ ಅಲ್ಲೇ ಇದ್ದು ಓದೂದು. ಒಬ್ರ ಬಾಯಾರು ನಮ್ಮ ಮನಿಗಿ ಮೂರ ಸಲ ಬಂದ್ರು. ಮೊದಲನೇ ಸಲ ಅಪ್ಪಗ ಕಾನೂನು ಹೇಳಿದ್ರು, ಅಪ್ಪ ಎದ್ದು ದನಕ್ಕ ನೀರ ಕುಡಿಸಾಕ ಹೋದ. ಎರಡನೇ ಸಲ ದೊಡ್ಡ ದೊಡ್ಡ ಮಂದಿ ಕತಿ ಹೇಳಿದ್ರು, ಇಂದಿರಾ ಗಾಂಧಿ, ಕಲ್ಪನಾ ಚಾವ್ಲಾ ಎಲ್ಲಾ, ಅಪ್ಪ ಹೂಂ ಹೂಂ ಅಂದು ಬೀಡಿ ಹಚ್ಚಿದ. ಮೂರನೇ ಸಲ ಬಂದವ್ರು ಸಾಲಿ ಸುದ್ದೀನ ತಗೀಲಿಲ್ಲ, ನಮ್ಮವ್ವನ ಜೋಡಿ ಕುಂತು ರೊಟ್ಟಿ ಪುಂಡಿಪಲ್ಯೆ ಉಂಡು, ಎತ್ತಿನ ರೇಟ್ ಎಷ್ಟಾತು ಮಳಿ ಹೆಂಗ ಆತು ಅಂತ ಮಾತಾಡಿ ಎದ್ದ ಹೊಂಟ್ರು. ಅವ್ರು ಬಾಗಲ ದಾಟೂವಾಗ ಅಪ್ಪ ಕೇಳಿದ, "ಬಾಯಾರ, ಆ ಹಾಸ್ಟೇಲಿನ ಬಾಗಲಕ್ಕ ಒಳಗಿನಿಂದ ಚಿಲಕ ಅದನ್ರಿ?"

ಅದು ಒಂದ ಇತ್ತು ಅಂವನ ಮನಸ್ಸಿನಾಗ. ಎರಡ ವರ್ಷ ಅದು ಯಾರಿಗೂ ಗೊತ್ತಿರ್ಲಿಲ್ಲ, ನನಗೂ ಗೊತ್ತಿರ್ಲಿಲ್ಲ, ನಾ ಅಪ್ಪ ಕಟುಕ ಅಂತ ತಿಳಕೊಂಡಿದ್ದೆ. ಮರುದಿನ ಬಾಯಾರು ಅಪ್ಪನ್ನ ಕರಕೊಂಡ ಹೋಗಿ ಚಿಲಕ ತೋರಿಸಿದ್ರು.

ಹಂಗಂತ ಎಲ್ಲಾ ಅಪ್ಪಂದಿರೂ ಚಲೋ ಅದಾರ ಅನ್ನಂಗಿಲ್ಲ ನಾ. ಕೆಲವ್ರಿಗಿ ಮಗಳು ಅಂದ್ರ ಮನಿಕೆಲಸದ ಆಳು ಅಷ್ಟೇ, ಅಲ್ಲಿ ಚಿಲಕ ತೋರಿಸಿದ್ರೂ ಆಗೂದಿಲ್ಲ.

ಮಲಾಲಾ ವಿಷಯದಾಗ ನನಗ ಸೇರೂದು ಆಕಿ ಅಪ್ಪ ಜಿಯಾವುದ್ದೀನ್. ಅಂವ ತಾನ ಸಾಲಿ ನಡಸ್ತಿದ್ದ. ಆ ಡೈರಿ ಬರ್ಯಾಕ ಮೊದಲ ಬ್ಯಾರೆ ಹುಡುಗಿ ಒಬ್ಬಾಕಿ ತಯಾರಿದ್ಲಂತ, ಆಕಿ ಮನ್ಯಾವ್ರು ಅಂಜಿ ಬ್ಯಾಡ ಅಂದ್ರು, ಆಮ್ಯಾಲ ಇಂವ ತನ್ನ ಮಗಳನ್ನ ಮುಂದ ಮಾಡಿದ. ಅಂಜಿದವ್ರ ತಪ್ಪೂ ಇಲ್ಲ ಬಿಡ್ರಿ ಅದರಾಗ. "ನಾ ಏನ್ ಮಾಡ್ದೆ ಅಂತ ಕೇಳಬ್ಯಾಡ್ರಿ, ಏನ್ ಮಾಡಲಿಲ್ಲ ಅಂತ ಕೇಳ್ರಿ, ಆಕಿ ರೆಕ್ಕಿ ಕತ್ತರಿಸಲಿಲ್ಲ" ಅಂತ ಜಿಯಾವುದ್ದೀನ್ ಒಂದ ಭಾಷಣದಾಗ ಹೇಳ್ಯಾನ. ಆಕಿ ಅವ್ವಗ ಓದಾಕ ಬರ್ತಿರ್ಲಿಲ್ಲ, ಸಣ್ಣಾಕಿ ಇದ್ದಾಗ ಪುಸ್ತಕ ಮಾರಿ ಮಿಠಾಯಿ ತಿಂದು ಸಾಲಿ ಬಿಟ್ಟಿದ್ಲಂತ. ಇದನ್ನ ಹುಡುಗ್ಯಾರಿಗಿ ಹೇಳೂಕಿಂತ ಪಾಲಕರ ಮೀಟಿಂಗಿನಾಗ ಹೇಳ್ರಿ ಟೀಚರ್.

ಹಳೀ_ಕಂಡಕ್ಟರ್ ಬರದದ್ದು:

ನಾ ರಿಟೈರ್ ಆಗಿ ಮೂರ ವರ್ಷ ಆತು, ವಿಜಯಪುರ ವಿಭಾಗದಾಗ 28 ವರ್ಷ ಟಿಕೆಟ್ ಹರದೀನಿ. ಓದಿದ್ದು ಎಸೆಸೆಲ್ಸಿ. ಮಲಾಲಾ ಬಗ್ಗೆ ನಿಮ್ಮಷ್ಟು ಗೊತ್ತಿಲ್ಲ, ಆದ್ರ ಇಷ್ಟ ಹೇಳ್ತೀನಿ, ಆಕಿಗಿ ಗುಂಡ ಹೊಡದದ್ದು ಕ್ಲಾಸಿನಾಗ ಅಲ್ಲ, ಬಸ್ಸಿನಾಗ. ಹುಡುಗಿ ಸಾಲಿ ಅಂದ್ರ ಮನಿ ಬಾಗಲದಿಂದ ಸಾಲಿ ಬಾಗಲದ ತನಕ ಇರೂ ಹಾದಿನೂ ಸೇರಸ್ಕೊಂಡ್ರಿ. ಮಂದಿ ಅದನ್ನ ಮರೀತಾರ.

ನನ್ನ ಸರ್ವಿಸಿನಾಗ ಒಂದ ರೂಟಿನಾಗ ಮುಂಜಾನಿ ಹದಿನೈದು ಹುಡುಗ್ಯಾರು ಹತ್ತತಿದ್ರು. ಶೆಡ್ಯೂಲ್ ಬದಲಾಗಿ ಬಸ್ಸು ಮುಕ್ಕಾಲ ತಾಸ ಹಿಂದ ಸರೀತು, ಮೂರ ತಿಂಗಳದಾಗ ಆರ ಮಂದಿ ಉಳದ್ರು. ಯಾರೂ ಅವರಿಗಿ ಸಾಲಿ ಬಿಡ್ರಿ ಅಂದಿರ್ಲಿಲ್ಲ. ನಾನೂ ಮ್ಯಾಲಿನವ್ರಿಗಿ ಹೇಳಬೇಕಿತ್ತು, ಹೇಳಲಿಲ್ಲ, ನಮಗ್ಯಾಕ ಅಂತ ಸುಮ್ಮನಿದ್ದೆ. ಈಗ ಅನಿಸ್ತದ.

2023 ಜೂನ್ 11ರಿಂದ ಶಕ್ತಿ ಯೋಜನಾ ಬಂದದ, ಹೆಣ್ಣಮಕ್ಕಳಿಗಿ ಟಿಕೆಟ್ ಫ್ರೀ, ರೊಕ್ಕದ ಮಾತ ಮುಗೀತು. ಟೈಮಿನ ಮಾತ ಮುಗದಿಲ್ಲ. ಆ ಹುಡುಗಿ ಎಲ್ಲಿಂದ ಬರ್ತಾಳ, ಯಾವ ಬಸ್ಸಿಗಿ ಬರ್ತಾಳ, ಹೋಗೂವಾಗ ಯಾವ ಬಸ್ಸು, ನೀವು ಒಮ್ಮಿ ಕೇಳೀರನ್ರಿ ಬಾಯಾರ?

ಕೋರ್ಟ್_ಮುಂದಿನ_ಚಹಾ ಬರದದ್ದು:

ಲೀಗಲ್ ವಿಷಯ ಯಾರೂ ಹೇಳಿಲ್ಲ ಅಂತ ನಾ ಬರೀತೀನಿ. ಶಿಕ್ಷಣ ಹಕ್ಕು ಕಾಯ್ದೆ 2009ರದು, ಜಾರಿ ಆಗಿದ್ದು 2010 ಏಪ್ರಿಲ್ 1ರಿಂದ, ಅದು 6ರಿಂದ 14 ವರ್ಷ, ಒಂದರಿಂದ ಎಂಟನೇತ್ತಾ ತನಕ ಅಷ್ಟೇ. ನಿಮ್ಮ ಹುಡುಗ್ಯಾರನ್ನ ಬಿಡಸೂದು ಎಲ್ಲಿ? ಎಂಟು ಮುಗದ ಮ್ಯಾಲ. ಕಾಯ್ದೆ ಕೈ ಬಿಟ್ಟಲ್ಲೇ ಮನ್ಯಾವ್ರೂ ಕೈ ಬಿಡ್ತಾರ.

ಲಗ್ನದ್ದು ಬ್ಯಾರೆ. 18 ತುಂಬೂ ಮೊದಲ ಆದ್ರ ಅದು ಬಾಲ್ಯವಿವಾಹ, ಕರ್ನಾಟಕದ ತಿದ್ದುಪಡಿ ಪ್ರಕಾರ ಅಂಥಾ ಲಗ್ನ ಸುರುವಿನಿಂದನ ಅಸಿಂಧು. ಮಕ್ಕಳ ಸಹಾಯವಾಣಿ 1098ಕ್ಕ ಫೋನ್ ಮಾಡಬಹುದು, ಹೆಸರ ಹೇಳಬೇಕಂತಿಲ್ಲ, ಸಿಡಿಪಿಓ (ತಾಲೂಕಿನ ಶಿಶು ಅಭಿವೃದ್ಧಿ ಅಧಿಕಾರಿ) ಆಫೀಸಿಗೂ ತಿಳಸಬಹುದು. ಆದ್ರ ಟೀಚರ್, ಮೊದಲ ದಿನಾನ ಇದನ್ನ ಝಳಪಿಸಬ್ಯಾಡ್ರಿ, ಮ್ಯಾಲಿನ ಸಿಸ್ಟರ್ ಅಪ್ಪ ಮಾಡಿದಂಗ ಎದ್ದ ಹೋಗ್ತಾರ. ಮನ್ಯಾಗ ಭಾಗ್ಯಲಕ್ಷ್ಮಿ ಬಾಂಡ್ (ಸರ್ಕಾರ ಹೆಣ್ಣ ಕೂಸಿನ ಹೆಸರಿಲೆ ರೊಕ್ಕ ಇಟ್ಟ ಕಾಗದ) ಅದೇನು ಅಂತ ಮೆಲ್ಲಕ ಕೇಳ್ರಿ. 2006ರ ನಂತರ ಬಿಪಿಎಲ್ ಮನ್ಯಾಗ ಹುಟ್ಟಿದ ಇಂಥಾ ಹುಡುಗ್ಯಾರಿಗೆ ಇರತೈತಿ, 18ರ ತನಕ ಲಗ್ನ ಆಗಿರಬಾರ್ದು, ಎಂಟನೇತ್ತಾ ಓದಿರಬೇಕು ಅಂತ ಅದರಾಗ ಕಂಡೀಶನ್ ಐತಿ. ನೂರ ಭಾಷಣಕ್ಕಿಂತ ಆ ಕಾಗದ ಕೆಲವ್ರ ಮನ್ಯಾಗ ಕೆಲಸ ಮಾಡಿದ್ದು ನಾ ನೋಡೀನಿ. ಅಕ್ಕಗ 14 ದಾಟಿದ್ದಕ್ಕ ರಾಷ್ಟ್ರೀಯ ಮುಕ್ತ ಸಾಲಿ ಅಂದ್ರ ಎನ್‌ಐಓಎಸ್‌ದಾಗ ಹೆಸರ ಹಚ್ಚಿ ಮನ್ಯಾಗ ಕುಂತೇ ಹತ್ತನೇತ್ತಾ ಕಟ್ಟಬಹುದು.

ಕುಂದಾ_ಪ್ರಿಯ:

ಸಿಸ್ಟರ್ ಬರದದ್ದು ಓದಿದೆ. ಮ್ಯಾಲ ನಾ ಸ್ವಲ್ಪ ಗಡಬಡಿ ಮಾಡಿ ಬರದಿದ್ದೆ. ಸಾವಿತ್ರಿಬಾಯಿ ವಿಷಯ ಮಾತ್ರ ವಾಪಸ್ ತಗೊಳ್ಳಂಗಿಲ್ಲ.

ಇಂಡಿ_ಟೀಚರ್ (ಹದಿನೈದು ದಿನದ ಮ್ಯಾಲ):

ತಡಾ ಆತು, ಯೂನಿಟ್ ಟೆಸ್ಟ್ ಪೇಪರ್ ನೋಡೂದ್ರಾಗ ಸಿಕ್ಕೊಂಡಿದ್ದೆ. ಏನೇನ್ ಆತು ಅಂತ ಹೇಳ್ತೀನಿ.

ಮೊದಲ ಜನವರಿ 14ರ ಡೈರಿ ಪುಟ ಕನ್ನಡದಾಗ ಹೇಳಿದೆ. ಈ ಸಲ ಚಪ್ಪಾಳಿ ಬರಲಿಲ್ಲ, ಕ್ಲಾಸ್ ಗಪ್ಪನ ಕುಂತಿತ್ತು. 27ರಾಗ 11 ಅಂದಾಗ ಹಿಂದಿನ ಬೆಂಚಿನ ಹುಡುಗಿ ಒಬ್ಬಾಕಿ ಬೆರಳ ಮಡಚಿ ನಮ್ಮ ಕ್ಲಾಸ್ ಎಣಸಾಕ ಸುರು ಮಾಡಿದ್ಲು. ನಾನೂ ಆಫೀಸಿಗಿ ಹೋಗಿ ಹೋದ ವರ್ಷದ ಹಾಜರಿ ಪುಸ್ತಕ ತಗದೆ. ಜೂನಿನಾಗ 23 ಹುಡುಗ್ಯಾರು, ದೀಪಾವಳಿ ದಾಟಿದ ಮ್ಯಾಲ 14. ಆ ಗೈರುಗಳನ್ನ ಕೆಂಪ ಪೆನ್ನಿಲೆ ಹಾಕಿದಾಕಿ ನಾನ, ನನ್ನ ಕೈ ಬರಹನ ಅದು. ಒಂದ ಸಲನೂ ಕೂಡಿಸಿ ನೋಡಿರ್ಲಿಲ್ಲ.

ಆಮ್ಯಾಲ ಐತಾರ ಅಂಗನವಾಡಿ ಬಾಯಾರನ್ನ ಕರಕೊಂಡು ಆ ಹುಡುಗಿ ತಾಂಡಾಕ್ಕ ಹೋದೆ. ಮಲಾಲಾ ಸುದ್ದಿ ತಗೀಲಿಲ್ಲ, ಕಾಯ್ದೆ ಸುದ್ದೀನೂ ತಗೀಲಿಲ್ಲ. ಚಹಾ ಕುಡದ್ವಿ. ಅಪ್ಪ ಸ್ವಲ್ಪ ಹೊತ್ತು ಮಾತಾಡ್ಲಿಲ್ಲ, ಆಮ್ಯಾಲ ತಾನಾ ಅಂದ, "ಬಾಯಾರ, ಸಣ್ಣಾಕಿ ಶಾಣೇಕಿ ಅದಾಳಂತ ನನಗೂ ಗೊತ್ತದರಿ. ನಿಮ್ಮ ಸಾಲಿ ಬಿಡೂದು ನಾಕೂವರಿ. ನಮ್ಮ ತಾಂಡಾದ ಬಸ್ಸು ನಾಕೂಕಾಲಕ್ಕ ಹೋಗ್ತದ. ಅದು ತಪ್ಪಿದ್ರ ಮುಂದಿನದು ಏಳಕ್ಕ. ಎರಡೂವರಿ ತಾಸು ಬಸ್‌ಸ್ಟ್ಯಾಂಡಿನಾಗ, ಆ ಪಾನ್ ಅಂಗಡಿ ಮುಂದ ಆಕಿ ನಿಂದ್ರಬೇಕನ್ರಿ? ಹೆಣ್ಣ ಹುಡುಗಿ." ವಾರಕ್ಕ ಎರಡ ದಿನ ಗೈರು ಅಂದಿದ್ನಲ್ಲ, ಅದು ನಮ್ಮ ಸಾಲ್ಯಾಗ ಸಂಜಿ ಸ್ಪೆಷಲ್ ಕ್ಲಾಸ್ ಇರೂ ದಿನ. ಬ್ಯಾರೆ ದಿನ ಆಕಿ ಕೊನೀ ಪೀರಿಯಡ್ ಬಿಟ್ಟು ಓಡ್ತಾಳ, ನಾ ಅದಕ್ಕ ಎರಡ ಸಲ ಬೈದೀನಿ. ಎರಡ ವರ್ಷ ಆತ್ರಿ ನಾ ಈ ಸಾಲಿಗಿ ಬಂದು. ನಾ ಸ್ಕೂಟಿ ಮ್ಯಾಲ ಇನ್ನೊಂದ ಹಾದಿಲೆ ಹೋಗ್ತೀನಿ, ನನಗ ಇದು ಗೊತ್ತೇ ಇಲ್ಲ.

ಅಕ್ಕನ ಬಾಂಡ್ ತಗಡಿನ ಪೆಟ್ಟಿಗ್ಯಾಗ ಇತ್ತು, ತಗದು ಓದಿ ಹೇಳಿದೆ. 18ರ ತನಕ ಲಗ್ನದ ಮಾತ ತಗಿಯಂಗಿಲ್ಲ ಅಂತ ಅವ್ವ ಅಂದ್ಲು, ಅಪ್ಪ ಏನೂ ಅನಲಿಲ್ಲ. ಎನ್‌ಐಓಎಸ್ ಅಂದ್ರ ಅಕ್ಕ ನಕ್ಕಳು, ಎಲ್ಲಾ ಮರತೀನ್ರಿ ಅಂದ್ಲು. ದಸರಾ ಆದ ಮ್ಯಾಲ ಗುಳೆದ್ದು ಇನ್ನೂ ಹಂಗೇ ಅದ. ಕಬ್ಬು ಕಡ್ಯಾಕ ಆಳ ಕರಕೊಂಡು ಹೋಗೂ ಮುಕಾದಮ್ ಕಡಿಂದ ಅಡ್ವಾನ್ಸ್ ಆಗ್ಲೇ ತಗೊಂಡಾರಂತ, ಸಣ್ಣಾಕಿನ್ನ ಹಾಸ್ಟೇಲಿಗಿ ಬಿಡ್ತಾರೋ ಇಲ್ಲೋ ನೋಡಬೇಕು.

ಹಳೀ ಕಂಡಕ್ಟರ್ ಅಣ್ಣಾರ, ಆ ನಾಕೂಕಾಲರ ಬಸ್ಸು ನಾಕೂಮುಕ್ಕಾಲಕ್ಕ ಮಾಡಾಕ ಏನ್ ಮಾಡಬೇಕ್ರಿ?

ಹಳೀ_ಕಂಡಕ್ಟರ್:

ಡಿಪೋ ಮ್ಯಾನೇಜರಿಗಿ ಅರ್ಜಿ, ಸಾಲಿ ಲೆಟರ್‌ಹೆಡ್ ಮ್ಯಾಲ, ಎಚ್ಎಂ ಸಹಿ ಶಿಕ್ಕಾ ಬೇಕು. ಪಂಚಾಯ್ತಿ ಠರಾವಿನ ಕಾಪಿ ಹಚ್ಚಿದ್ರ ಚಲೋ. ಆ ಬಸ್ಸಿಗಿ ಎಷ್ಟ ಹುಡುಗ್ಯಾರು, ಯಾವ ಯಾವ ಸ್ಟಾಪ್, ಪಟ್ಟಿ ಮಾಡ್ರಿ. ಒಂದ ಸಲಕ್ಕ ಆಗಂಗಿಲ್ಲ, ಎರಡ ಸಲ ಓಡಾಡಬೇಕಾಗ್ತದ, ನಾ ಜೋಡಿ ಬರ್ತೀನಿ, ಅಲ್ಲಿ ಈಗೂ ನನ್ನ ಗುರ್ತಿನವ್ರು ಅದಾರ. ಬಸ್ಸು ಎಲ್ಲಿಂದ ಎಲ್ಲಿಗಿ ಹೋಗೂದು ಅನ್ನೂದಷ್ಟ ನನಗ ಮೆಸೇಜ್ ಮಾಡ್ರಿ, ಇಲ್ಲಿ ಹಾಕಬ್ಯಾಡ್ರಿ. ಪಟ್ಟಿ ಮಾತ್ರ ನೀವು ಬರೀಬ್ಯಾಡ್ರಿ ಬಾಯಾರ. ಆ ಹುಡುಗಿ ಕೈಲೆ ಬರಸ್ರಿ.